ಒಂದೇ ಎಂಜಿನ್ನಿನ ಪಾಠ

ಸರ್ ಅವರ ಬೋಳು ನೆತ್ತಿಯ ಮೇಲೆ ಹೆಡ್‌ಸೆಟ್ಟಿನ ಪಟ್ಟಿ ಒತ್ತಿ ಒತ್ತಿ ಒಂದು ತಗ್ಗು ಬಿದ್ದಿತ್ತು. ರಜೆಯ ದಿನ ಹಲಸೂರು ಮಾರ್ಕೆಟ್ಟಿನಲ್ಲಿ ಕೈಚೀಲ ಹಿಡಿದು ಎದುರಾದಾಗಲೂ ಅದು ಹಾಗೆಯೇ ಇರುತ್ತಿತ್ತು. ಎರಡು ಎಂಜಿನ್ನಿನ ವಿಮಾನ ಹಾರಿಸುವುದನ್ನು ನನಗೆ ಕಲಿಸಿದವರು ಅವರು. ನಾನು ಕಾಣುವ ಹೊತ್ತಿಗಾಗಲೇ ದಣಿದಿದ್ದರು. ಪ್ರತಿ ಬ್ಯಾಚಿಗೂ ಅದೇ ಪಾಠ, ಅದೇ ಪ್ರಶ್ನೆಗಳು, ಕೆಳಗಿನ ಪಬ್ಬಿನಿಂದ ಅದೇ ಡಮ್‌ಡಮ್ ಸದ್ದು.

ಇಂದಿರಾನಗರದ ಹಳೇ ಬಂಗಲೆಯೊಂದರ ಮಹಡಿಯಲ್ಲಿ ನಮ್ಮ ಕ್ಲಾಸು. ಸರ್ ಬೋರ್ಡಿನ ಮೇಲೆ ಬರೆಯುತ್ತಿದ್ದುದು ಕಡಿಮೆ. ಉದ್ದದ ಬೆಂಚನ್ನು ಎರಡೂ ತುದಿಯಲ್ಲಿ ಇಬ್ಬರಿಂದ ತಳ್ಳಿಸಿ, ತಳ್ಳುತ್ತಿರುವಾಗಲೇ ಅವರಲ್ಲೊಬ್ಬನಿಗೆ ಕೈ ಬಿಡಲು ಹೇಳುತ್ತಿದ್ದರು. ಬೆಂಚು ಸರ್ರನೆ ಅವನ ಕಡೆಗೆ ತಿರುಗುತ್ತಿತ್ತು. ಒಂದು ಎಂಜಿನ್ ನಿಂತರೆ ವಿಮಾನವೂ ಹೀಗೇ ತಿರುಗುತ್ತದೆ, ಬಾಲದ ರಡ್ಡರ್ ಅದನ್ನು ತಡೆಯಬೇಕಾದರೆ ಇಂತಿಷ್ಟು ವೇಗ ಬೇಕೇ ಬೇಕು, ಕಡಿಮೆಯಾದರೆ ಹಿಡಿತ ತಪ್ಪುತ್ತದೆ ಎನ್ನುತ್ತಿದ್ದರು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಉಳಿದ ಎಂಜಿನ್ನಿನ ಬಲವೂ ಕುಗ್ಗುತ್ತದೆ, ಅದು ತಿರುಗಿಸುವುದೂ ಕಡಿಮೆ. ಹಾಗಾಗಿ ಹಿಡಿತ ತಪ್ಪುವ ವೇಗ ಇನ್ನೂ ಕೆಳಗಿಳಿಯುತ್ತದೆ. ನಮಗೆಲ್ಲ ಇದು ಒಳ್ಳೆಯ ಸುದ್ದಿಯಂತೆ ಕೇಳಿಸುತ್ತಿತ್ತು.

ಆಕಾಶದಲ್ಲಿ ಇದನ್ನು ತೋರಿಸುವಾಗ ಅವರು ಒಂದು ಎಂಜಿನ್ ತಗ್ಗಿಸಿ, ನನ್ನ ರಡ್ಡರ್ ಪೆಡಲು ಪೂರ್ತಿ ಹೋಗದಂತೆ ತಮ್ಮ ಕಡೆಯ ಪೆಡಲಿಗೆ ಬೂಟು ಅಡ್ಡ ಇಡುತ್ತಿದ್ದರು. ವೇಗ ಇನ್ನೂ ಸಾಕಷ್ಟಿರುವಾಗಲೇ ಮೂತಿ ತಿರುಗಿಬಿಡುತ್ತಿತ್ತು. ನನಗೆ ರೇಗುತ್ತಿತ್ತು. ಕಾಲು ತೆಗೀರಿ ಸರ್, ಈ ಎತ್ತರದಲ್ಲಿ ಇನ್ನೂ ನಿಧಾನ ಹೋಗಬಹುದು ಎಂದು ಒಮ್ಮೆ ಹೇಳಿಯೇಬಿಟ್ಟೆ. ಅವರು ತೆಗೆಯಲಿಲ್ಲ.

“ಎಂಜಿನ್‌ಗೆ ಸುಸ್ತಾಗಿದೆ ಕಣಮ್ಮ, ಅದಕ್ಕೇ ಜಗಳ ಕಮ್ಮಿ,” ಎಂದರು. “ರೆಕ್ಕೆ ಕೈಕೊಡೋ ಸ್ಪೀಡ್, ಅಂದ್ರೆ ವಿಮಾನಾನ ಎತ್ತಿ ಹಿಡಿಯೋಕಾಗ್ದೆ ಅದು ಸೋಲೋ ಸ್ಪೀಡ್ ಮಾತ್ರ ಇದ್ದಲ್ಲೇ ಇರುತ್ತೆ. ಮೂತಿ ತಿರುಗ್ಲಿ ಅಂತ ಕಾಯ್ತಾ ಕೂತ್ರೆ ಮೊದ್ಲು ರೆಕ್ಕೆನೇ ಕೈಕೊಡುತ್ತೆ. ಒಂದೇ ಎಂಜಿನ್ ಮೇಲೆ ಹಂಗಾದ್ರೆ ಗಿರಗಿರ ತಿರುಗ್ಕೊಂಡು ಬೀಳ್ತೀವಿ. ಅದಕ್ಕೇ ಕಾಲು ಅಡ್ಡ ಇಟ್ಟು, ಸ್ಪೀಡ್ ಇರೋವಾಗ್ಲೇ ಮೂತಿ ತಿರುಗಿಸಿ ತೋರಿಸೋದು.”

ಕಳೆದ ವರ್ಷ ಬೆಟ್ಟಸಾಲಿನ ಮೇಲೆ, ನಾನು ಕ್ಯಾಪ್ಟನ್ ಆಗಿದ್ದ ಬಾಡಿಗೆ ವಿಮಾನದ ಎಡ ಎಂಜಿನ್ ನಿಜಕ್ಕೂ ನಿಂತಿತು. ಹಿಂದಿನ ಸೀಟುಗಳಲ್ಲಿ ಮದುವೆಗೆ ಹೊರಟ ಕುಟುಂಬವೊಂದು ಕೂತಿತ್ತು. ಆಗ ಹಾರಿಸುತ್ತಿದ್ದವನು ಪಕ್ಕದ ಪೈಲಟ್, ಹೊಸಬ. ಎತ್ತರ ಕಳೆದುಕೊಳ್ಳಬಾರದೆಂದು ಮೂತಿ ಎತ್ತುತ್ತಲೇ ಹೋದ. ಇಷ್ಟು ಮೇಲೆ ಹಿಡಿತ ತಪ್ಪುವ ವೇಗ ಕಡಿಮೆ, ಇನ್ನೂ ನಿಧಾನ ಮಾಡಬಹುದು ಎಂದ. ವಿಮಾನವೂ ತಕರಾರಿಲ್ಲದೆ ನೆಟ್ಟಗೇ ಹೋಗುತ್ತಿತ್ತು. ನನಗೆ ಭಯವಾದದ್ದೇ ಅದಕ್ಕೆ. ಅವನಿಂದ ಕಂಟ್ರೋಲ್ ತೆಗೆದುಕೊಂಡು ಮೂತಿ ತಗ್ಗಿಸಿದೆ. ಅಷ್ಟರಲ್ಲಾಗಲೇ ರೆಕ್ಕೆ ಸೋಲುತ್ತಿದೆಯೆಂದು ಎಚ್ಚರಿಸುವ ಹಾರ್ನು ಕೂಗತೊಡಗಿತ್ತು. ವೇಗ ಬಂದ ಮೇಲೆ ಸುಮ್ಮನಾಯಿತು. ಕಣಿವೆಯತ್ತ ಇಳಿಯುತ್ತಾ ಹೋಗಿ ಹತ್ತಿರದ ನಿಲ್ದಾಣ ಸೇರಿದೆವು.

ಆ ವಾರವೇ ಹಲಸೂರಿನ ಸರ್ ಮನೆಗೆ ಹೋದೆ. ಅವರು ಹಾಸಿಗೆ ಹಿಡಿದಿದ್ದರು. ಹೃದಯ ತುಂಬ ಸೋತಿದೆ ಎಂದು ಅವರ ಹೆಂಡತಿ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದರು. ನಡೆದದ್ದನ್ನೆಲ್ಲ ಹೇಳಿದೆ, ಕಣ್ಣು ಮುಚ್ಚಿಯೇ ಕೇಳಿಸಿಕೊಂಡರು. ಹೊಗಳಲಿಲ್ಲ. ಆ ಹೊಸಬನನ್ನು ಬೈದೆಯಾ ಎಂದು ಕೇಳಿದರು. ಚೆನ್ನಾಗಿ ಬೈದೆ ಎಂದೆ.

“ಬೈಬೇಡ. ಕೂರಿಸ್ಕೊಂಡು ಹೇಳ್ಕೊಡು. ನನ್ನ ಕೈಲಿ ಇನ್ನಾಗಲ್ಲಮ್ಮ.”

ನಾನು ಬದುಕಿರುವುದು ನಿಮ್ಮಿಂದ ಎಂದು ಹೇಳಬೇಕೆಂದೇ ಹೋಗಿದ್ದೆ. ಹೇಳ್ಕೊಡ್ತೀನಿ ಸರ್ ಎಂದಷ್ಟೇ ಹೇಳಿ ಎದ್ದು ಬಂದೆ. ಮುಂದಿನ ತಿಂಗಳು ಅವರು ಹೋಗಿಬಿಟ್ಟರು. ಕಲ್ಪಳ್ಳಿ ಸ್ಮಶಾನಕ್ಕೆ ಆ ಹೊಸಬನನ್ನೂ ಕರೆದುಕೊಂಡು ಹೋಗಿದ್ದೆ. ತನ್ನ ಪ್ರಾಣ ಉಳಿಸಿದವರ ಮುಖವನ್ನು ಅವನು ಮೊದಲ ಸಲ ನೋಡಿದ್ದು ಅಲ್ಲೇ.