ಕೌದಿಯ ಹೊಟ್ಟೆ ಸೇರಿದ ಚೌಕದ ತುಂಡು

ಕಳಕವ್ವ ಮತ್ತು ಪ್ಯಾಂಟು ಅಂದದ್ದಕ್ಕೇ ನಕ್ಕುಬಿಟ್ಟೆಯಾ? ನಗು, ನಗು. ಪೂರ್ತಿ ಕೇಳಿದ ಮೇಲೂ ನಗುತ್ತೀಯೋ ನೋಡೋಣ. ಚಹಾ ಆರಿಹೋಗುತ್ತದೆ, ಕುಡಿಯುತ್ತಾ ಕೇಳು.

ಶಿಗ್ಲಿಯ ಕಳಕವ್ವ ಕೌದಿ ಹೊಲಿಯುವವಳು. ಊರವರು ಹಳೆಯ ಸೀರೆ, ಧೋತರ, ಅಂಗಿಗಳನ್ನು ಗಂಟು ಕಟ್ಟಿ ಅವಳ ಕಟ್ಟೆಗೆ ತಂದು ಹಾಕುತ್ತಾರೆ. ಅವಳು ಯಾವ ಬಟ್ಟೆಗೂ ಮೊದಲೇ ಕತ್ತರಿ ಇಡುವವಳಲ್ಲ. ಹೊಲಿಗೆಯನ್ನು ಸೂಜಿಯ ತುದಿಯಿಂದ ಬಿಚ್ಚಿ, ತುಂಡುಗಳನ್ನು ಹರವಿ, ಅಂಗೈಯಿಂದ ಸವರಿ ನೋಡುತ್ತಾಳೆ. ಅವಳ ಅತ್ತೆಯೂ ಹಾಗೆಯೇ. ಆ ಮುದುಕಿ ಕಣ್ಣು ಹೋದ ಮೇಲೂ ಬರೀ ಮುಟ್ಟಿ, ಇದು ಗಂಡಸರ ಅಂಗಿ, ಇದು ಬಾಣಂತಿಯ ಸೀರೆ ಎನ್ನುತ್ತಿದ್ದಳು. ಇರಲಿ, ಅತ್ತೆಯ ಕಥೆ ಶುರುವಾದರೆ ಇವತ್ತು ಮುಗಿಯುವುದಿಲ್ಲ.

ಹೋದ ತಿಂಗಳು ರೇಣುಕವ್ವ ಕೊಟ್ಟ ಗಂಟಿನಲ್ಲಿ ಅಗಲ ಕಾಲಿನ, ಲಾಡಿಯ ಪ್ಯಾಂಟೊಂದು ಸಿಕ್ಕಿತು. ನೀಲಿ ಹತ್ತಿಯ ಅರಿವೆ, ಮೇಲೆ ಕೆಂಪು ಹೂವಿನ ಅಚ್ಚು. ನೂರು ಸಲ ಒಗೆದಷ್ಟು ಮೆತ್ತಗಿತ್ತು, ಬಣ್ಣ ಮಾತ್ರ ಮಾಸಿರಲಿಲ್ಲ. ಕಳಕವ್ವ ಅದನ್ನು ಬೆಳಕಿಗೆ ಹಿಡಿದಳು. ಮೊಣಕಾಲಿನ ಹತ್ತಿರ ಒಂದೇ ಒಂದು ಹೂವು ವಾಲಿತ್ತು. ಯಂತ್ರ ತಪ್ಪಿದ್ದರೆ ಸಾಲು ಸಾಲೇ ತಪ್ಪಬೇಕಿತ್ತು. ಇದು ಯಾರೋ ಕೈಯಿಂದ ಒತ್ತಿದ ಅಚ್ಚು. ಆ ಕೈಗೆ ಆ ಹೊತ್ತು ದಣಿವಾಗಿತ್ತೋ, ಯಾರಾದರೂ ಕೂಗಿದ್ದರೋ!

ಬಿಚ್ಚುತ್ತಾ ಹೋದಂತೆ ಎರಡು ಕಾಲು ಸೇರುವಲ್ಲಿ ಅಂಗೈಯಗಲದ ಚೌಕದ ತುಂಡೊಂದು ಬಂತು. ಇದೇಕೆ ಇಲ್ಲಿ? ಅರಿವೆ ಸಾಲದೆ ಹಾಕಿದ ತೇಪೆಯೇ? ಕಾಲಿನಲ್ಲಿ ಬೇಕಾದಷ್ಟು ಅರಿವೆ ಇತ್ತಲ್ಲ! ಎಷ್ಟು ತಿರುಗಿಸಿ ನೋಡಿದರೂ ಹೊಳೆಯಲಿಲ್ಲ. ಕಾಲಿನ ತುಂಡುಗಳನ್ನು ಮುಂದಿನ ಕೌದಿಗೆಂದು ಮಡಚಿಟ್ಟು, ಚೌಕವನ್ನು ಕೈಯಲ್ಲಿದ್ದ ಕೌದಿಯ ನಡುವೆ ಇಟ್ಟು, ಕೆಳಗೆ ಒಂದು ಚೂರು ರೊಟ್ಟಿ ಸೇರಿಸಿ ಹೊಲಿದುಬಿಟ್ಟಳು. ಕೌದಿ ಹಸಿದಿರಬಾರದು ಎನ್ನುವುದು ಅತ್ತೆಯಿಂದ ಬಂದ ಪದ್ಧತಿ. ಹಾಗೆ ಹೊಟ್ಟೆ ತುಂಬಿಸಿದ ಕೌದಿಯನ್ನು ಮತ್ತೆ ಬಿಚ್ಚುವಂತಿಲ್ಲ.

ಮಧ್ಯಾಹ್ನ ಸುಶ್ಮಿತಾ ಓಡಿಬಂದಳು. ರೇಣುಕವ್ವನ ಮೊಮ್ಮಗಳು, ಲಕ್ಷ್ಮೇಶ್ವರದ ಶಾಲೆಯಲ್ಲಿ ಮಾಸ್ತರಿಣಿ.

"ಆಯಿ, ನನ್ನ ನೀಲಿ ಪ್ಯಾಂಟ ನಿನ್ನ ಗಂಟಿನ್ಯಾಗ ಬಂದೈತೇನ?"

"ಹಳೇ ಅರಿವ್ಯಾಗ ಇತ್ತಲ್ಲ ಯವ್ವಾ!"

"ಹಳೇದಲ್ಲಬೇ, ಒಂದ ಸಲ ಹಾಕ್ಕೊಂಡೀನಿ! ನಮ್ಮಜ್ಜಿಗ ಮೆತ್ತಗಿದ್ದದ್ದೆಲ್ಲಾ ಹಳೇದ. ನಾಳೆ ಹುಡುಗರನ್ನ ಮಾಗಡಿ ಕೆರಿಗೆ ಹಕ್ಕಿ ತೋರ್ಸಾಕ ಕರ್ಕೊಂಡ ಹೊಂಟೀನಿ. ದಿನ ಪೂರ್ತಿ ನೆಲದ ಮ್ಯಾಲ ಕುಂಡ್ರಬೇಕು."

ಕಳಕವ್ವನ ಮುಖ ಸಣ್ಣದಾಯಿತು. ನಲವತ್ತು ವರ್ಷದಲ್ಲಿ ಒಬ್ಬರೂ ಅವಳಿಗೆ, ಅರಿವೆ ಕೆಡಿಸಿದೆ ಎಂದಿರಲಿಲ್ಲ.

"ಸಂಜಿ ಬಸ್ಸಿಗೆ ಹೋಗಾಕ ಇನ್ನೂ ಹೊತ್ತೈತಿ. ಕುಂಡ್ರು," ಅಂದಳು.

ಕೌದಿಯ ಹೊಲಿಗೆ ಎಂದರೆ ನೇರ ಸಾಲು. ಮೈಗೆ ಹೊಂದುವಂಥದ್ದನ್ನು ಅವಳು ಎಂದೂ ಹೊಲಿದಿರಲಿಲ್ಲ. ಎರಡು ಕಾಲನ್ನೂ ನೇರಕ್ಕೆ ಕೂಡಿಸಿ, ಲಾಡಿ ಹಾಕಿ ಕೊಟ್ಟಳು. ಸುಶ್ಮಿತಾ ಒಳಗೆ ಹೋಗಿ ಹಾಕಿಕೊಂಡು ಬಂದು ಚಕ್ಕಳಮಕ್ಕಳ ಕೂತಳು. ಚರ್!

"ಹೋತು ಆಯಿ."

"ಎದ್ದ ನಿಲ್ಲು. ಈಗ ಕುಂಡ್ರು. ಹಾಂ, ಮತ್ತ ಏಳು."

"ತಪ್ಪ ಮಾಡಿದ ಹುಡುಗರಿಗೂ ನಾ ಇಷ್ಟ ಕುಂತ ಎದ್ದ ಮಾಡ್ಸಂಗಿಲ್ಲಬೇ!"

"ಬಾಯಿ ಮುಚ್ಚ. ಅರಿವಿ ಎಲ್ಲಿ ಜಗ್ಗತೈತಿ ನೋಡಾಕತ್ತೀನಿ."

ಹಾಗೆ ನೋಡುತ್ತಲೇ ಬೆವರು ಒರೆಸಲು ಕಳಕವ್ವ ಕೈ ಎತ್ತಿದಳು. ಎತ್ತಿದ ಕೈ ಹಾಗೆಯೇ ನಿಂತಿತು. ಅವಳ ಕುಬಸದ ಬಗಲಿನಲ್ಲೂ ಅಂಥದ್ದೇ ತುಂಡು! ಅದಿಲ್ಲದಿದ್ದರೆ ಕೈ ಮೇಲೇಳುವಾಗ ಕುಬಸ ಹರಿಯುತ್ತಿತ್ತು.

"ಏ ಹುಡುಗಿ, ಇದು ಬಗಲಿನ ತುಂಡಬೇ! ಕಾಲಿಗೂ ಬಗಲ ಇಟ್ಟಾನ ನೋಡ, ಇದನ್ನ ಹೊಲಿದ ಸಿಂಪಿಗ!"

ಕೌದಿಯೊಳಗಿನ ಚೌಕವನ್ನು ತೆಗೆಯುವಂತಿಲ್ಲ. ಕಳಕವ್ವ ಟ್ರಂಕು ತೆರೆದು ತವರಿನ ಕೆಂಪು ಖಣದ ಕುಬಸ ತೆಗೆದಳು. ಎರಡೂ ಬಗಲಿನ ತುಂಡು ಬಿಚ್ಚಿ, ಒಂದಕ್ಕೊಂದು ಕೂಡಿಸಿ, ಪ್ಯಾಂಟಿಗೆ ಇಟ್ಟು ಎರಡೆರಡು ಸಲ ಹೊಲಿದಳು. ಸುಶ್ಮಿತಾ ಕೂತಳು, ಕುಕ್ಕರಗಾಲಲ್ಲಿ ಕೂತಳು, ಎದ್ದು ಹೊಸ್ತಿಲು ಜಿಗಿದಳು. ದಾರ ಮಿಸುಕಲಿಲ್ಲ.

ಮರುದಿನ ಸಂಜೆ ಫೋನು ಬಂತು. "ಆಯಿ, ಹಕ್ಕಿ ಎಲ್ಲಾ ಹಾರಿ ಹೋದ್ವು, ನಿನ್ನ ಹೊಲಿಗಿ ಜಗ್ಗಲಿಲ್ಲ!"

ಕಳಕವ್ವ ನಕ್ಕಳು. ಅವಳು ದಿನವಿಡೀ ಸೀರೆ ಎತ್ತಿ ಕಟ್ಟಿ, ಕೌದಿಯ ಸುತ್ತ ಮೊಣಕಾಲೂರಿ ಸರಿಯುವವಳು. ಆ ಹುಡುಗಿ ಹೊಸ್ತಿಲು ಜಿಗಿದದ್ದು ಅವಳ ಕಣ್ಣಿಂದ ಹೋಗಿಲ್ಲ. ಅಂಥದ್ದನ್ನು ಹಾಕಿಕೊಂಡು ಕೂತರೆ ಹೇಗಿರುತ್ತದೆ? ಮೊನ್ನೆ ನನ್ನ ಕಿವಿಯಲ್ಲಿ ಅದನ್ನೇ ಕೇಳಿದಳು. ನನಗೇನು ಗೊತ್ತು?

ಅದಕ್ಕೇ ನಿನಗೆ ಇಷ್ಟೆಲ್ಲ ಹೇಳಿದೆ. ನಾಳೆ ನೀನು ಲಕ್ಷ್ಮೇಶ್ವರಕ್ಕೆ ಹೋಗುತ್ತೀಯಲ್ಲ, ಮೂರು ಮೀಟರ್ ಅಚ್ಚಿನ ಅರಿವೆ ತಾ. ಮುಟ್ಟಿ ನೋಡು, ಮೆತ್ತಗಿರಬೇಕು. ಒಂದು ಹೂವಾದರೂ ವಾಲಿರಬೇಕು. ಅಂಗಡಿಯವನು ಯಾರಿಗೆಂದು ಕೇಳಿದರೆ ಕೌದಿಗೆ ಅನ್ನು. ಇನ್ನೊಂದು ಮಾತು, ಮೂರಲ್ಲ, ಆರು ಮೀಟರ್ ತಾ. ನನಗೂ ಒಂದು ಹೊಲಿಯಲಿ, ನನ್ನ ಮೊಣಕಾಲೂ ನೆಟ್ಟಗಿಲ್ಲ.