ನೊಣಕ್ಕೆ ಬಿದ್ದ ಪಟ್ಟೆ ಮೀನು

ಅಮೆರಿಕಕ್ಕೆ ಬಂದ ಹೊಸದರಲ್ಲಿ ನನ್ನ ವೀಸಾದ ಮೇಲೆ ಕೆಲಸ ಮಾಡುವ ಹಾಗಿರಲಿಲ್ಲ. ಈಸ್ಟ್ ಬ್ರನ್ಸ್‌ವಿಕ್‌ನ ಮನೆಯೊಳಗೆ ನೊಣ ಹೊಡೆಯುತ್ತಾ ಕೂತಿದ್ದೆ. ಆಮೇಲೆ ಹೊರಗೆ ಹೋಗಿ ನೊಣ ಹೊಡೆಯತೊಡಗಿದೆ. ತಮಾಷೆಯಲ್ಲ. ಪಕ್ಕದ ಮನೆಯ ಅಮೆರಿಕನ್ ಅಜ್ಜಿ, ತೀರಿಹೋದ ತನ್ನ ಗಂಡನ ಗಾಳದ ಕೋಲನ್ನು ನನ್ನ ಕೈಗಿಟ್ಟು, ಹಿತ್ತಲ ಹುಲ್ಲಿನ ಮೇಲೆ ದಾರ ಬೀಸುವುದನ್ನು ಕಲಿಸಿದರು. ಎರೆಹುಳವಿಲ್ಲ, ಸಿಗಡಿಯಿಲ್ಲ. ಕೊಕ್ಕೆಗೆ ಕೂದಲು, ಪುಕ್ಕ, ಮಿಂಚುವ ದಾರ ಸುತ್ತಿ ಮೀನಿಗೆ ಟೋಪಿ ಹಾಕುವ ವಿದ್ಯೆ. ಆ ಗಂಟಿಗೆ ಇಲ್ಲಿಯವರು ಫ್ಲೈ ಅನ್ನುತ್ತಾರೆ, ಅಂದರೆ ನೊಣ.

"ಅಂತೂ ನೊಣ ಹೊಡೆಯೋದಕ್ಕೂ ಒಂದು ಕೋಲು ಸಿಕ್ತಲ್ಲೇ ನಿಂಗೆ!" ಎಂದು ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವರು ಮೈಸೂರಿನ ಅಪ್ಪಟ ಪುಳಿಚಾರು. ನಾನು ಕುಂದಾಪುರದ ಕಡೆಯವಳು, ಅಪ್ಪನ ಜೊತೆ ಅಳಿವೆಯಲ್ಲಿ ಗಾಳ ಹಾಕುತ್ತಲೇ ಬೆಳೆದವಳು. ಈ ಮದುವೆ ಅಪ್ಪನಿಗೆ ಹಿಡಿಸಿರಲಿಲ್ಲ. ಹೊರಡುವ ದಿನವೂ ಅಳಿಯನ ಕಡೆ ತಿರುಗಿ ನೋಡದೆ, ನನಗೆ ಮಾತ್ರ ಹೇಳಿದರು: "ಮೀನು ಮುಟ್ಟದವನ ಜೊತೆ ಹೋಗ್ತಿದ್ದಿ. ಇನ್ನು ಗಾಳವೂ ಮರೀತದೆ, ಅಪ್ಪನೂ ಮರೀತದೆ ನಿಂಗೆ." ಅಪರೂಪಕ್ಕೆ ಟ್ರಂಕ್ ಕಾಲ್ ಸಿಕ್ಕಾಗ "ಅಲ್ಲಿ ಎಲ್ಲ ಸೌಖ್ಯವಾ?" ಅನ್ನುತ್ತಿದ್ದರು. ಆ "ಎಲ್ಲ"ದೊಳಗೆ ಎಲ್ಲೋ ಒಂದು ಮೂಲೆಯಲ್ಲಿ ನನ್ನ ಗಂಡ ಇದ್ದರು ಅಂದುಕೊಳ್ಳಬೇಕು. ಮರೆತಿಲ್ಲ ಅಪ್ಪಾ, ನೀನು ಹಿಡಿದದ್ದಕ್ಕಿಂತ ದೊಡ್ಡದನ್ನು ಹಿಡಿದು ಫೋಟೋ ಕಳಿಸದಿದ್ದರೆ ನಾನು ನಿನ್ನ ಮಗಳೇ ಅಲ್ಲ ಎಂದು ನನಗೆ ನಾನೇ ಹಟ ತೊಟ್ಟೆ.

ಗಂಡನದು ಒಂದೇ ಷರತ್ತು. "ಹಿಡಿ ಬೇಕಾದ್ರೆ. ಮನೆಯೊಳಗೆ ತರಕೂಡದು ಕಣೇ." ಹಾಗಾಗಿ ಮೀನನ್ನು ಹಿಡಿದಲ್ಲೇ ಬಿಟ್ಟುಬಿಡಬೇಕು. ಸಾಕ್ಷಿಗೆ ಉಳಿಯುವುದು ಫೋಟೋ ಮಾತ್ರ. ಫೋಟೋ ತೆಗೆಯುವ ಜವಾಬ್ದಾರಿಯನ್ನು ಅವರೇ ವಹಿಸಿಕೊಂಡರು. ಅವರ ಹತ್ತಿರ ಒಂದು ಕ್ಯಾಮೆರಾ ಇತ್ತು. ಅದನ್ನು ಹಸುಗೂಸಿನ ಹಾಗೆ ಟವೆಲಿನಲ್ಲಿ ಸುತ್ತಿ ಇಡುತ್ತಿದ್ದರು.

ನನ್ನ ಹಳೆಯ ಧಾರೆ ಸೀರೆಯ ಸೆರಗಿನಿಂದ ಜರಿಯೆಳೆ ಕಿತ್ತು ನೊಣ ಕಟ್ಟಿದೆ. ಪ್ರತಿ ಭಾನುವಾರ ಸ್ಯಾಂಡಿ ಹುಕ್‌ನ ಕಡಲ ದಂಡೆಗೆ ಡ್ರೈವ್ ಮಾಡಿಕೊಂಡು ಹೋಗುವುದು, ಬೀಸಿ ಬೀಸಿ ತೋಳು ನೋಯಿಸಿಕೊಳ್ಳುವುದು, ಅವಲಕ್ಕಿ ತಿಂದು ವಾಪಸಾಗುವುದು. ನನಗೆ ಬೇಕಾದದ್ದು ಸ್ಟ್ರೈಪ್ಡ್ ಬಾಸ್ ಎಂಬ ಪಟ್ಟೆ ಮೀನು. "ಪಟ್ಟೆ ಪಟ್ಟೆ ಬಾಸ್ ನಮ್ಮ ಆಫೀಸಲ್ಲೂ ಒಬ್ಬನಿದ್ದಾನೆ. ಅವನ ಅಂಗಿ ನೋಡ್ಬೇಕು ನೀನು!" ಎಂದು ಗಂಡ ನನ್ನ ಪಿತ್ತ ಕೆರಳಿಸುತ್ತಿದ್ದರು.

ಅಕ್ಟೋಬರಿನ ಒಂದು ಬೆಳಿಗ್ಗೆ ಜರಿಯ ನೊಣ ನೀರಿಗೆ ಬಿದ್ದದ್ದೇ ತಡ, ದಾರ ಬಿಗಿಯಾಯಿತು. ಕೋಲು ಬಿಲ್ಲಾಯಿತು. ಅಯ್ಯಯ್ಯೋ! ಮೊಣಕಾಲುದ್ದ ತಣ್ಣೀರಿನಲ್ಲಿ ನಾನು ಅತ್ತಿಂದಿತ್ತ ಓಡಿದೆ, ಗಂಡ ದಂಡೆಯ ಮೇಲೆ ಅತ್ತಿಂದಿತ್ತ ಓಡಿದರು. ಕೊನೆಗೆ ಮೀನು ದಡಕ್ಕೆ ಬಂತು. ಬೆಳ್ಳಿಯ ಮೈ, ಉದ್ದಕ್ಕೂ ಕಪ್ಪು ಪಟ್ಟೆ. ನನ್ನ ತೋಳಿಗಿಂತ ಉದ್ದ! ಎತ್ತಿ ಹಿಡಿದು ಹಲ್ಲು ಕಿರಿದು ನಿಂತೆ.

"ಸ್ವಲ್ಪ ಎಡಕ್ಕೆ... ಗದ್ದ ಮೇಲೆ... ಸ್ಮೈಲ್ ಪ್ಲೀಸ್..." ಕ್ಲಿಕ್, ಕ್ಲಿಕ್, ಕ್ಲಿಕ್. ಸ್ಟುಡಿಯೋದವರ ಗತ್ತು ಏನು ಕೇಳುತ್ತೀರಿ!

ಆಗ ಕಣ್ಣಿಗೆ ಬಿತ್ತು. ಕ್ಯಾಮೆರಾದ ಕಣ್ಣಿನ ಮೇಲೆ ಕರಿ ಮುಚ್ಚಳ ಇನ್ನೂ ಹಾಗೇ ಕೂತಿದೆ!

"ಎಂತ ಮಾರಾಯ್ರೆ ನೀವು! ಮುಚ್ಚಳ!"

ಅವರು ಮುಚ್ಚಳ ತೆಗೆದರು, ರೀಲು ನೋಡಿದರು, ಮುಖ ಸಣ್ಣದು ಮಾಡಿದರು. "ಒಂದೇ ಉಳಿದಿದೆ ಕಣೇ."

ನನ್ನ ನೆತ್ತಿಗೆ ಸಿಟ್ಟೇರಿತು. ಕೈಯಲ್ಲಿ ಮೀನು ಒದ್ದಾಡುತ್ತಿದೆ, ಬೇಗ ನೀರಿಗೆ ಬಿಡದಿದ್ದರೆ ಸತ್ತೇಹೋಗುತ್ತದೆ. "ನಿಮ್ಮನ್ನು ನಂಬಿದ್ರೆ ಆಯ್ತು! ಕ್ಯಾಮೆರಾ ಇಲ್ಲಿ ಕೊಡಿ. ಮೀನು ನೀವು ಹಿಡ್ಕೊಳ್ಳಿ!"

"ನಾನಾ?"

"ಮತ್ತೆ ಯಾರು, ನಿಮ್ಮ ಪಟ್ಟೆ ಬಾಸಾ?"

ಪಾಪ, ಚಪ್ಪಲಿ ಕಳಚಿಟ್ಟರು. ದೇವಸ್ಥಾನದ ಬಾಗಿಲಲ್ಲಿ ಕಳಚಿದ ಹಾಗೆ, ಒಂದರ ಪಕ್ಕ ಒಂದು. ಎರಡೂ ಕೈ ಮುಂದೆ ಚಾಚಿದರು. ನಾನು ಮೀನನ್ನು ಇಟ್ಟೆ. "ಶಿವ ಶಿವಾ" ಎಂದು ಕಣ್ಣು ಮುಚ್ಚಿದರು. ಕ್ಲಿಕ್. ಬಗ್ಗಿ ಅದನ್ನು ನೀರಿಗೆ ಬಿಟ್ಟದ್ದೂ ಅವರೇ, ಮೆತ್ತಗೆ. ಬಾಲ ಬಡಿದು, ಅವರ ಮುಖಕ್ಕೆ ಉಪ್ಪುನೀರು ಎರಚಿ ಮೀನು ಹೋಯಿತು.

ಆಮೇಲೆ ಹೊಳೆಯಿತು ನೋಡಿ ನನಗೆ. ಫೋಟೋದಲ್ಲಿ ನಾನೇ ಇಲ್ಲ! ಇಬ್ಬರೂ ಒದ್ದೆ ಮರಳಿನ ಮೇಲೆ ಬಿದ್ದು, ಉಸಿರು ಸಿಕ್ಕಿಕೊಳ್ಳುವಷ್ಟು ನಕ್ಕೆವು. ಕಾರಿನಲ್ಲಿ ಬರುವಾಗ ನನಗೆ ಅಳುವೂ ಬಂತು.

ಪ್ರಿಂಟ್ ಬಂತು. ಗಂಡ ಕಣ್ಣು ಮುಚ್ಚಿದ್ದಾರೆ, ಮೀನು ಕಣ್ಣು ಬಿಟ್ಟಿದೆ. "ಬಾಲ ಎಲ್ಲಿಗೆ ಹೋಯ್ತೇ?" ಎಂದು ಗಂಡ ಮೆಲ್ಲಗೆ ಕೇಳಿದರು. ಬಾಲ ಫೋಟೋದ ಅಂಚಿನಾಚೆ ಉಳಿದಿತ್ತು. ನಾನು ದುರುಗುಟ್ಟಿ ನೋಡಿದೆ. ಏನಾದರಾಗಲಿ ಎಂದು ಅದನ್ನೇ ಊರಿಗೆ ಕಳಿಸಿದೆ. ಯಾರು ಹಿಡಿದದ್ದು ಅಂತ ಬರೆಯಲೂ ಮನಸ್ಸಾಗಲಿಲ್ಲ. ನೋಡಿದವರು ನಂಬುವುದು ಕಣ್ಣನ್ನೇ ತಾನೇ?

ದೀಪಾವಳಿಗೆ ಟ್ರಂಕ್ ಕಾಲ್ ಸಿಕ್ಕಿತು. "ಅಪ್ಪಾ, ಫೋಟೋ ಬಂತಾ?" ಎಂದು ಗಂಟಲು ಹರಿಯುವ ಹಾಗೆ ಕಿರುಚಿದೆ.

"ಬಂತು, ಬಂತು. ಫೋನು ಅವರಿಗೆ ಕೊಡು."

ನಾನು ಗರಬಡಿದವಳಂತೆ ಕೊಟ್ಟೆ. ಗಂಡ ನೆಟ್ಟಗೆ ಎದ್ದು ನಿಂತರು. "ಹೌದು ಮಾವ... ಇಲ್ಲ ಮಾವ... ತುಂಬ ಜಾರ್ತಿತ್ತು ಮಾವ..." ಅಷ್ಟರಲ್ಲಿ ಲೈನ್ ಕಟ್ಟಾಯಿತು. ನನ್ನ ಟ್ರಂಕ್ ಕಾಲ್ ನಾನು ಸರಿಯಾಗಿ ಮಾತಾಡದೆಯೇ ಮುಗಿದುಹೋಯಿತು.

"ಎಂತ ಹೇಳಿದ್ರು? ನೀವೇ ಹಿಡಿದದ್ದು ಅಂದ್ಕೊಂಡ್ರಾ?"

"ಇಲ್ಲ ಕಣೇ. 'ಮೀನು ಹಿಡಿದವರು ಯಾರೂ ಕಣ್ಣು ಮುಚ್ಚಿ ನಿಲ್ಲೂದಿಲ್ಲ, ಹಿಡಿದದ್ದು ನನ್ನ ಮಗಳೇ' ಅಂದ್ರು. 'ಅವಳಿಗೋಸ್ಕರ ಮುಟ್ಟಿದ್ರಲ್ಲ, ಸಾಕು ಮಾರಾಯ್ರೆ. ಊರಿಗೆ ಬನ್ನಿ' ಅಂದ್ರು."

"ದೊಡ್ಡದು ಅಂತ ಒಪ್ಪಿದ್ರಾ?"

"ಅದೊಂದು ಒಪ್ಪಲಿಲ್ಲ. 'ಬಾಲ ಕತ್ತರಿಸಿದ್ದಾಳೆ ಪುಣ್ಯಾತ್ಗಿತ್ತಿ, ಉದ್ದ ಎಷ್ಟು ಅಂತ ಹೇಗೆ ಹೇಳೂದು? ಮುಂದಿನ ಸಲ ಫೋಟೋ ನೀವೇ ತೆಗೀರಿ' ಅಂದ್ರು."