ದೊಡ್ಡಮ್ಮನ ಕೈ, ಐಸು ನೀರು

ಒಂದೇ ತಣ್ಣೀರಿನಲ್ಲಿ ಕೈ ಇಟ್ಟರೆ ಒಬ್ಬರಿಗೆ ಥಟ್ಟನೆ ನೋವಾಗುತ್ತದೆ, ಇನ್ನೊಬ್ಬರು ಆರಾಮವಾಗಿ ಕೂತಿರುತ್ತಾರೆ. ಇಬ್ಬರೂ ಗಟ್ಟಿಮುಟ್ಟಾದವರೇ. ಈ ವ್ಯತ್ಯಾಸ ಯಾಕೆ? ಎಪ್ಪತ್ತರ ದಶಕದ ಕೊನೆಯಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಎಂ.ಎ. ಓದುವಾಗ ಪ್ರಬಂಧಕ್ಕೆ ನಾನು ಹಿಡಿದ ವಿಷಯ ಇದು. ಕಾಲೇಜು ಹುಡುಗರ ಮೇಲೆ ಯಾರು ಬೇಕಾದರೂ ಪ್ರಯೋಗ ಮಾಡಬಹುದು, ನಾನು ದುಡಿಯುವ ಕೈಗಳನ್ನೇ ನೋಡುತ್ತೇನೆ ಎಂದು ಜಂಬ ಕೊಚ್ಚಿಕೊಂಡು ದೊಡ್ಡಮ್ಮನ ಊರು ಬಿಳಿಗೆರೆಗೆ ಬಂದೆ.

ತಿಪಟೂರಿನಿಂದ ಐಸನ್ನು ಮರದ ಹೊಟ್ಟಿನಲ್ಲಿ ಹುದುಗಿಸಿ, ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತರುತ್ತಿದ್ದೆ. ಸೀಟೆಲ್ಲ ಒದ್ದೆಯಾಯಿತು ಎಂದು ಕಂಡಕ್ಟರ್ ದಾರಿಯುದ್ದಕ್ಕೂ ಗೊಣಗುತ್ತಿದ್ದ. ದೊಡ್ಡಮ್ಮನ ಮನೆಯಲ್ಲಿ ತೆಂಗಿನಕಾಯಿ ಒಣಗಲು ಬಿಟ್ಟ ಅಟ್ಟದ ಕೆಳಗೆ ಐಸು ನೀರಿನ ಒಂದು ಬಕೆಟ್ಟು, ಪಕ್ಕದಲ್ಲಿ ನನ್ನ ಗಡಿಯಾರ. ನೋವು ಶುರುವಾದಾಗ ಹೇಳಬೇಕು, ತಡೆಯಲಾಗದಿದ್ದರೆ ಕೈ ತೆಗೆಯಬೇಕು. ಯಾರಿಗೂ ಅಪಾಯವಾಗದಂತೆ ಒಂದು ಗಡುವು ಇತ್ತು, ಅದು ಮುಗಿದರೆ ನಾನೇ ಕೈ ತೆಗೆಸುತ್ತಿದ್ದೆ.

ಕಾಯಿ ಸುಲಿಯುವವರು, ಚಿಪ್ಪು ಒಡೆದು ಕೊಬ್ಬರಿ ತೆಗೆಯುವ ಹೆಂಗಸರು, ಅಂಗಡಿಯವರು ಎಲ್ಲರೂ ಬಂದರು. ದೊಡ್ಡಮ್ಮ ಕೂಡ ಕೈ ಇಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು ಎಷ್ಟು ದಿನವಾಯಿತೆಂದು ನನ್ನನ್ನು ಬೈಯುತ್ತಾ ಕೂತಿದ್ದಳು. ಒಬ್ಬರೂ ನೋವು ಎನ್ನಲಿಲ್ಲ. ಎಲ್ಲರೂ ಗಡುವಿನ ತನಕ ಕೈ ತೆಗೆಯದೆ ಕೂತರು.

ವ್ಯತ್ಯಾಸ ಹುಡುಕಲು ಹೋದವಳಿಗೆ ಎಳ್ಳಷ್ಟೂ ವ್ಯತ್ಯಾಸ ಸಿಗಲಿಲ್ಲ. ಪ್ರಬಂಧ ಒಪ್ಪಿಸುವ ದಿನ ಹತ್ತಿರವಾಗಿತ್ತು, ಬರೆಯಲು ಏನೂ ಇರಲಿಲ್ಲ. ವರ್ಷವೇ ಹಾಳಾಯಿತು ಎಂದು ಮುಖ ಊದಿಸಿಕೊಂಡು ಊಟಕ್ಕೆ ಕೂತೆ. ದೊಡ್ಡಮ್ಮ ಮುದ್ದೆ ಇಡುತ್ತಾ ನನ್ನ ಮುಖ ನೋಡಿದಳು.

"ಯಾಕವ್ವ, ನಂಬರು ಸಾಲ್ದಾ? ಯಾರೂ ಬೇಗ ಕೈ ತೆಗೀಬ್ಯಾಡಿ, ತೆಗುದ್ರೆ ನಮ್ಮ ಕೂಸು ಫೇಲಾಯ್ತದೆ ಅಂತ ಮನೆಮನೆಗೂ ಹೋಗಿ ಹೇಳಿದ್ದೆ ಕಣವ್ವ."

ನನಗೆ ಮೊದಲು ಸಿಟ್ಟು ಬಂತು. ಆಮೇಲೆ ನಗು ತಡೆಯಲಾಗಲಿಲ್ಲ. ಊರಿಗೆ ಊರೇ ನನ್ನನ್ನು ಪಾಸು ಮಾಡಿಸಲು ಹಲ್ಲು ಕಚ್ಚಿಕೊಂಡು ಕೂತಿತ್ತು.

ಮರುವಾರ ಮತ್ತೆ ಐಸು ತಂದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಮಾತ್ರ ನಾನು ಪಾಸು ಎಂದು ಎಲ್ಲರಿಗೂ ಬಿಡಿಸಿ ಹೇಳಿದೆ. ಆಗ ಬಂತು ನೋಡಿ ವ್ಯತ್ಯಾಸ. ದಿನವಿಡೀ ಕಾಯಿ ಸುಲಿಯುವ ದೈತ್ಯನಂಥ ಆಳು ಸ್ವಲ್ಪ ಹೊತ್ತಿಗೇ ಹೌಹಾರಿ ಕೈ ತೆಗೆದ. ಕೊಬ್ಬರಿ ತೆಗೆಯುವ ಕಡ್ಡಿಯಂಥ ಹೆಂಗಸೊಬ್ಬಳು ಎಲೆಅಡಿಕೆ ಮೆಲ್ಲುತ್ತಾ ಕೊನೆಯ ತನಕ ಕೂತಳು. ಯಾಕೆಂದು ನನ್ನ ಪ್ರಬಂಧ ಪೂರ್ತಿ ಹೇಳಲಿಲ್ಲ, ಆದರೆ ಪಾಸಾಯಿತು. ಆ ಊರಿನ ಋಣ ದೊಡ್ಡದು.

ಅಂದು ಕೊನೆಗೆ ಬಂದವಳು ದೊಡ್ಡಮ್ಮ. ಬೆರಳು ನೀರಿಗೆ ತಾಗಿದ್ದೇ ತಡ, ಕೈ ಎಳೆದು ಸೆರಗಿನಲ್ಲಿ ಸುತ್ತಿಕೊಂಡಳು. ಊರಿಗೆಲ್ಲ ಅವಳು ತಡೆದ ಹೊತ್ತೇ ಕಡಿಮೆ.

"ನಂಗೆ ಚಿಕ್ಕೋಳಿದ್ದಾಗ್ಲಿಂದ್ಲೂ ತಣ್ಣೀರು ಆಗಕಿಲ್ಲ ಕಣವ್ವ," ಎಂದಳು.

ಹಿಂದಿನ ವಾರ ಅವಳು ಅದೇ ನೀರಿನಲ್ಲಿ ಗಡುವಿನ ತನಕ ಕೈ ಇಟ್ಟುಕೊಂಡು, ನನ್ನ ತಲೆಗೆ ಎಣ್ಣೆಯಿಲ್ಲವೆಂದು ಬೈದಿದ್ದಳು.